ಬಲಕ್ಕೆ ತಿರುಗಿದ ಸೊಂಡಿಲು

ಸಿಗರೇಟು ಪ್ಯಾಕಿನೊಳಗಿನ ಬೆಳ್ಳಿ ಕಾಗದವನ್ನು ಹೆಬ್ಬೆರಳ ಉಗುರಿನಿಂದ ಉಜ್ಜಿ ಉಜ್ಜಿ ನೀವು ಎಂದಾದರೂ ಸುಕ್ಕು ಬಿಡಿಸಿದ್ದೀರಾ? ಬಿಡಿಸಿರುವುದಿಲ್ಲ. ಅದಕ್ಕೂ ಒಂದು ಹದವಿದೆ. ಜೋರಾಗಿ ಒತ್ತಿದರೆ ಹರಿಯುತ್ತದೆ, ಒತ್ತದಿದ್ದರೆ ಸುಕ್ಕು ಹೋಗುವುದಿಲ್ಲ. ಮೊದಲು ನೀರಿನಲ್ಲಿ ನೆನೆಸಿ ಬೆನ್ನಿಗೆ ಅಂಟಿದ ತೆಳು ಕಾಗದವನ್ನು ಸುಲಿದು, ಉಜ್ಜಿ, ಮೇಲೆ ಒಂದು ಕೈ ಹಳದಿ ವಾರ್ನಿಷ್ ಬಳಿದರೆ ಆಯಿತು ಚಿನ್ನ. ನಮ್ಮ ಬಂಗಾರಪೇಟೆಯಲ್ಲಿ ರೈಲು ಹತ್ತಿ ಸರಿಯಾಗಿ ಕೂರುವಷ್ಟರಲ್ಲಿ ಕೆ.ಜಿ.ಎಫ್. ಬರುತ್ತದೆ. ಅಲ್ಲಿ ಗಂಡಸರು ಭೂಮಿಯ ಹೊಟ್ಟೆಯೊಳಕ್ಕೆ ಇಳಿದು ಬಂಡೆ ಒಡೆದು ಚಿನ್ನ ತೆಗೆಯುತ್ತಿದ್ದರು. ಇಲ್ಲಿ ನಾನು ಟೀ ಅಂಗಡಿಗಳ ಮುಂದೆ ಬಿದ್ದ ಖಾಲಿ ಪ್ಯಾಕುಗಳನ್ನು ಆಯ್ದು ತಂದು ಚಿನ್ನ ಮಾಡುತ್ತಿದ್ದೆ. ಅವರದು ಎಲ್ಲಿಗೆ ಹೋಗುತ್ತಿತ್ತೋ ನಾನು ಕಂಡವಳಲ್ಲ. ನನ್ನದು ಲಕ್ಷ್ಮಿಯ ಕೊರಳಿಗೂ ವೆಂಕಟರಮಣನ ಕಿರೀಟಕ್ಕೂ ಹೋಗಿ ಕೂತು, ಕಣ್ಣು ಕುಕ್ಕುವಂತೆ ಹೊಳೆಯುತ್ತಿತ್ತು.

ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ಗಾಜಿನ ಪಟ ಬರೆಯುವವರು. ಸ್ಟೇಷನ್ ರಸ್ತೆಯಲ್ಲಿ ಅಂಗಡಿ; ಕನ್ನಡಿ ಕತ್ತರಿಸಿ ಕೊಡುವುದು, ಪಟಕ್ಕೆ ಕಟ್ಟು ಹಾಕುವುದು, ಬಿಡುವಿದ್ದಾಗ ದೇವರನ್ನು ಬರೆಯುವುದು. ಗಂಡ ರೈಲ್ವೆ ಗ್ಯಾಂಗಿನಲ್ಲಿದ್ದ, ಮನೆಯಲ್ಲಿ ಇರುವ ದಿನಕ್ಕಿಂತ ಇಲ್ಲದ ದಿನವೇ ಹೆಚ್ಚು, ಹಾಗಾಗಿ ನಮ್ಮಿಬ್ಬರಿಗೆ ಜಗಳವೂ ಕಡಿಮೆ.

ಗಾಜಿನ ಪಟ ಎಂದರೆ ಗಾಜಿನ ಬೆನ್ನಿಗೆ ಬರೆದು ಮುಂದಿನಿಂದ ನೋಡುವ ಪಟ. ಗೋಡೆಗೆ ಬರೆಯುವವನು ಮೊದಲು ಬಣ್ಣ ಬಳಿದು ಕೊನೆಗೆ ಒಡವೆ ಇಡುತ್ತಾನೆ. ನಮ್ಮಲ್ಲಿ ಎಲ್ಲ ತಲೆಕೆಳಗು. ಮೊದಲು ಮೂಗುತಿ, ಆಮೇಲೆ ಮೂಗು. ಮೊದಲು ಸೆರಗಿನ ಹೂವು, ಆಮೇಲೆ ಸೆರಗು. ಎಲ್ಲ ಮುಗಿದು ಇನ್ನೇನೂ ಉಳಿದಿಲ್ಲ ಎನ್ನುವಾಗ ಆಕಾಶ. ಈ ಕೆಲಸ ಮಾಡಿ ಮಾಡಿ ನನಗೆ ಲೋಕವೇ ಹಾಗೆ ಕಾಣತೊಡಗಿತು. ಮದುವೆ ಮನೆಗೆ ಹೋದರೆ ಮೊದಲು ಓಲೆ, ಅನಂತರ ಕಿವಿ, ಅದು ಯಾರ ಕಿವಿ ಎಂಬುದು ಊಟಕ್ಕೆ ಕೂತ ಮೇಲೆ. ಬಜಾರಿನಲ್ಲಿ ಎಮ್ಮೆ ಎದುರು ಬಂದರೆ ಮೊದಲು ಕಾಣುವುದು ಕೊಂಬಿನ ಬಣ್ಣ. ಎಮ್ಮೆ ಕಾಣುವ ಹೊತ್ತಿಗೆ ನಾನು ಚರಂಡಿಯಲ್ಲಿರುತ್ತಿದ್ದೆ.

ಇನ್ನೊಂದು ಮಾತು. ಗಾಜಿನ ಮೇಲೆ ಮೊದಲು ಇಟ್ಟದ್ದೇ ಕೊನೆಯವರೆಗೂ ಎದುರಿಗಿರುತ್ತದೆ, ಆಮೇಲೆ ಏನು ಬಳಿದರೂ ಅದರ ಹಿಂದಕ್ಕೇ ಹೋಗಿ ನಿಲ್ಲುತ್ತದೆ. ಮದುವೆಯಾಗಿ ಬಂದ ಮೊದಲ ದಿನವೇ ನನಗೆ ಮುದ್ದೆ ಕಟ್ಟಲು ಬರುವುದಿಲ್ಲ ಎಂದುಬಿಟ್ಟಿದ್ದೆ. ಮುಂದೆ ಎಷ್ಟು ದುಂಡಗೆ ಕಟ್ಟಿದರೂ ಮನೆಯವರ ಕಣ್ಣಿಗೆ ಆ ಮೊದಲ ಮಾತೇ ಕಂಡಿತು, ಮುದ್ದೆ ಕೋಲು ನನ್ನ ಕೈಗೆ ಬರಲೇ ಇಲ್ಲ. ಒಳ್ಳೆಯದೇ ಆಯಿತು.

ಕಾಗದ ಉಜ್ಜುವುದು, ಕೊನೆಯ ಆಕಾಶ ಬಳಿಯುವುದು, ಇಷ್ಟು ಹೆಂಗಸಿನ ಪಾಲು. ಗೆರೆ ಮಾತ್ರ ಮಾವನದು. ಎಣ್ಣೆ ಕಾಗದದ ಮೇಲಿನ ನಕಲನ್ನು ಗಾಜಿನ ಕೆಳಗಿಟ್ಟು, ಅಳಿಲ ಬಾಲದ ಕೂದಲ ಕುಂಚದಲ್ಲಿ ಅವರು ಎಳೆಯುವ ಗೆರೆಯನ್ನು ಹತ್ತು ವರ್ಷ ಅವರ ಮಣೆಯ ಪಕ್ಕದಲ್ಲಿ ಕೂತು ನೋಡಿದ್ದೆ. ನೋಡಿದ್ದೆ ಅಷ್ಟೆ, ಕೈ ಇಡಲು ಬಿಟ್ಟಿರಲಿಲ್ಲ. ನನ್ನ ಬೆರಳೋ, ಒಲೆಯ ಮುಂದೆ ಕೂತರೂ ಬೂದಿಯಲ್ಲಿ ಕಿರೀಟ ಬರೆಯುತ್ತಿತ್ತು.

ಆಮೇಲೆ ಮಾವನ ಕೈ ನಡುಗತೊಡಗಿತು. ಕೃಷ್ಣ ಕೊಳಲು ಹಿಡಿದರೆ ಕೊಳಲು ಅಂಕುಡೊಂಕು. ಅದೇ ಸಮಯಕ್ಕೆ ಬೂದಿಕೋಟೆಯ ಚೌಡಪ್ಪ ಎಂಬ ರೈತ ಹೊಸ ಮನೆಗೆ ಗಣಪತಿ ಬೇಕೆಂದು ಹೇಳಿಹೋದ. ನಾನು ಬರೆಯುತ್ತೇನೆ ಎಂದೆ. ಮಾರನೆಯ ದಿನ ಮಾವ ಕುಂಚವನ್ನು ನೆಲದ ಮೇಲಿಟ್ಟು ನನ್ನ ಕಡೆ ತಳ್ಳಿದರು.

"ಒಂದೇ ಒಂದು ಪಟ ಕಣಮ್ಮ. ನೆಟ್ಟಗೆ ಬಂದ್ರೆ ಈ ಮಣೆ ನಿಂದು. ಕೆಟ್ಟೋದ್ರೆ ಕುಂಚದ ಮಾತು ಇನ್ ಎತ್ತಬ್ಯಾಡ."

ಅಂದಿನ ನನ್ನ ಕೈಯ ಕುಣಿತವನ್ನು ಹೇಗೆ ಹೇಳಲಿ? ಹೊಟ್ಟೆಯ ಗೆರೆಯನ್ನು ಒಂದೇ ಉಸಿರಿಗೆ ಎಳೆದೆ, ಎಳೆದು ಒಬ್ಬಳೇ ನಕ್ಕೆ. ಅಷ್ಟು ದೊಡ್ಡ ಹೊಟ್ಟೆ, ಎಲ್ಲೂ ಮುರಿಯದೆ, ಶುರುವಾದಲ್ಲಿಗೇ ಬಂದು ಸೇರಿಕೊಂಡಿತ್ತು. ಕಡುಬು ನೋಡಿ ನನಗೇ ಹಸಿವಾಯಿತು. ಇಲಿಗೆ ಮೀಸೆ ಹೆಚ್ಚಾಯಿತು, ಇರಲಿ ಎಂದೆ. ಆದರೆ ಕೈಯಲ್ಲಿ ಅಷ್ಟು ಅಮಲೇರಿದ್ದಾಗ ಒಂದು ಕೆಲಸ ಮರೆತಿದ್ದೆ. ನಕಲು ಕಾಗದವನ್ನು ಮಗುಚಿ ಇಡಬೇಕು, ಆಗಲೇ ಗಾಜು ತಿರುಗಿಸಿದಾಗ ಎಡಬಲ ಸರಿಯಾಗುವುದು. ನಾನು ನೆಟ್ಟಗೇ ಇಟ್ಟಿದ್ದೆ. ಬಣ್ಣ ತುಂಬಿ, ಚಿನ್ನ ಅಂಟಿಸಿ, ಗಾಜು ತಿರುಗಿಸಿದರೆ ಗಣಪತಿಯ ಸೊಂಡಿಲು ಅವನ ಬಲಕ್ಕೆ ತಿರುಗಿತ್ತು.

ಮಾವ ಪಟವನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿರುವಾಗಲೇ ಚೌಡಪ್ಪ ಬಂದ. ಬಂದವನು ಪಟ ಕಂಡದ್ದೇ ಚಪ್ಪಲಿ ಬಿಟ್ಟು ಮೂರು ಹೆಜ್ಜೆ ಹಿಂದಕ್ಕೆ ಹೋದ. ಬಲಮುರಿ ಗಣಪತಿ ಬಹಳ ಕಟ್ಟುನಿಟ್ಟು, ಮಡಿ ತಪ್ಪಿದರೆ ಸುಮ್ಮನಿರುವುದಿಲ್ಲ ಎಂದು ನಮ್ಮ ಕಡೆ ಭಯ.

"ಅಣ್ಣೋ, ನಮ್ ಮನೇಲಿ ಎಮ್ಮೆ ಅವೆ, ಕೋಳಿ ಅವೆ, ನಮ್ಮವ್ವ ಬಾಯ್ ಬಿಟ್ರೆ ಬೈಗಳ. ಈ ಸಾಮಿನ ಇಟ್ಕೊಂಡು ನಾನೆಲ್ಲಿ ಏಗ್ಲಿ?" ಎಂದ.

ಮಾವ ಒಳಗಿದ್ದ ಹಳೆಯ ಎಡಮುರಿ ಗಣಪತಿಯನ್ನು ಕೊಟ್ಟು ಅವನನ್ನು ಕಳುಹಿಸಿದರು. ನನ್ನನ್ನು ಬೈಯಲಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಗಾಜು ಒರೆಸಿಬಿಡು, ಒಳಗೆ ಹೋಗಿ ಕಾಗದ ಉಜ್ಜು ಎಂದರು, ಅಷ್ಟೆ. ಬೈದಿದ್ದರೆ ಎದುರು ಮಾತಾಡಬಹುದಿತ್ತು.

ನನ್ನ ಮೊದಲ ದೇವರನ್ನು ಒರೆಸಲು ಕೈ ಬರಲಿಲ್ಲ ಎಂದು ಬರೆದರೆ ನಿಮಗೆ ಹಿತವಾದೀತು, ಆದರೆ ಸುಳ್ಳಾಗುತ್ತದೆ. ಮನೆಯಲ್ಲಿ ಸೀಮೆಎಣ್ಣೆ ಮುಗಿದಿತ್ತು, ರೇಷನ್ ಅಂಗಡಿಗೆ ಇನ್ನೂ ಬಂದಿರಲಿಲ್ಲ. ಹಾಗಾಗಿ ಗಣಪತಿ ಕನ್ನಡಿಗಳ ಸಾಲಿನಲ್ಲಿ ಗೋಡೆಗೆ ಒರಗಿ ಉಳಿದ.

ನಾಲ್ಕು ದಿನದ ಮೇಲೆ ಕೆ.ಜಿ.ಎಫ್. ಗಣಿ ಲೈನಿನ ಸಾಲುಮನೆಯ ಮರಗದಮ್ಮ ಎಂಬಾಕೆ ಕನ್ನಡಿ ಕತ್ತರಿಸಿ ಕೊಡಿ ಎಂದು ಬಂದಳು. ಅವಳ ಗಂಡ ದಿನಾ ಗಣಿಯ ಪಾತಾಳಕ್ಕೆ ಇಳಿದು ಹತ್ತುವವನು. ಅವಳು ತಮಿಳೂ ಕನ್ನಡವೂ ಕಲಸಿ ಮಾತಾಡುತ್ತಾ ಮಾತಾಡುತ್ತಾ ಗೋಡೆಗೆ ಒರಗಿದ್ದ ಗಣಪತಿಯ ಮುಂದೆ ತಟ್ಟನೆ ನಿಂತಳು.

"ಅಕ್ಕಾ, ಇದು ವಲಂಪುರಿ ಪಿಳ್ಳೆಯಾರ್ ತಾನೇ? ಎಷ್ಟ್ ವರ್ಷದಿಂದ ತೇಡ್ತಾ ಇದೀನಿ, ಎಲ್ಲೂ ಸಿಕ್ಕಿಲ್ಲ."

ಅವಳ ವಲಂಪುರಿ ಪಿಳ್ಳೆಯಾರ್ ನಮ್ಮ ಬಲಮುರಿ ಗಣಪತಿಯೇ, ಆದರೆ ಅವರ ಜನಕ್ಕೆ ಬಲಕ್ಕೆ ತಿರುಗಿದ ಸೊಂಡಿಲೆಂದರೆ ಭಾಗ್ಯವಂತೆ, ಮನೆ ಹೊಕ್ಕರೆ ಒಳ್ಳೆಯದಂತೆ. ಬೂದಿಕೋಟೆಯವನನ್ನು ಹಿಂದಕ್ಕೆ ಓಡಿಸಿದ ಅದೇ ಸೊಂಡಿಲು ಇವಳನ್ನು ಮುಂದಕ್ಕೆ ಎಳೆಯಿತು. ಸೊಂಡಿಲಿಗೆ ಇದ್ಯಾವುದೂ ಗೊತ್ತಿಲ್ಲ, ಅದು ನನ್ನ ಮರೆವಿನಿಂದ ಆ ಕಡೆ ಹೋದದ್ದು. ಕನ್ನಡಿಯನ್ನು ಮರೆತು, ದುಡ್ಡು ಕೊಟ್ಟು, ಗಣಪತಿಯನ್ನು ಮಗುವಿನಂತೆ ಸೆರಗಿನಲ್ಲಿ ಸುತ್ತಿಕೊಂಡು, ಮರಗದಮ್ಮ ಕೆ.ಜಿ.ಎಫ್. ಕಡೆ ಹೋಗುವ ಮಾರಿಕುಪ್ಪಂ ರೈಲಿಗೆ ಓಡಿದಳು.

ಗಣಿ ಲೈನಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಒಂದೇ ಗೋಡೆ. ಒಬ್ಬರ ಮನೆಗೆ ಬಂದ ದೇವರು ಎಲ್ಲರಿಗೂ ಕಾಣುತ್ತಾನೆ. ಮುಂದಿನ ವಾರ ಅವಳು ಮತ್ತೆ ನಾಲ್ವರು ಹೆಂಗಸರನ್ನು ಕರೆದುಕೊಂಡು ಬಂದಳು. ಎಲ್ಲರಿಗೂ ಅಂಥದ್ದೇ ಬೇಕು, ಅದೇ ಕೈಯಿಂದ ಬೇಕು. ಅಂಗಡಿ ಬಾಗಿಲಲ್ಲಿ ಕೂತಿದ್ದ ಮಾವನನ್ನು, ಅದನ್ನು ಬರೆದದ್ದು ನೀವೇನಾ ತಾತಾ ಎಂದು ಕೇಳಿದರು. ನಾನು ಒಳಗಿದ್ದೆ, ಉಗುರು ಕಾಗದದ ಮೇಲೆಯೇ ನಿಂತುಹೋಯಿತು. ಹೌದು ಎಂದಿದ್ದರೆ ಮುಗಿಯುತ್ತಿತ್ತು, ನಾನೂ ಬಾಯಿ ಬಿಡುತ್ತಿರಲಿಲ್ಲ. ಮಾವ ಕೆಮ್ಮಿದರು, ಟವೆಲಿನಲ್ಲಿ ಬಾಯಿ ಒರೆಸಿಕೊಂಡರು.

"ನಾನಲ್ಲ. ನಾನು ಬರ್ದಿದ್ರೆ ಸೊಂಡ್ಲು ಎಡಕ್ಕಿರೋದು. ನಮ್ ಸೊಸೆ ಮುನಿಯಮ್ಮ ಬರ್ದಿದ್ದು."

ಆಮೇಲೆ ಒಳಗೆ ಬಂದು ಮಣೆಯನ್ನು ತಾವೇ ಬೆಳಕಿಗೆ ಎಳೆದು ಹಾಕಿದರು. "ಕೂತ್ಕ. ಕಾಗದ ಯಾವ ಕಡೆ ಮಗುಚ್ಲಿ ಅಂತ ನನ್ನ ಕೇಳ್ಬ್ಯಾಡ, ಬಂದೋರ್ನ ಕೇಳು."

ಕೂತೆ. ಕಲ್ಲಿನ ದೇವರಿಗೆ ಎಲ್ಲ ಮುಗಿದ ಮೇಲೆ ಕಣ್ಣು ತೆರೆಸುತ್ತಾರಂತೆ. ಗಾಜಿನ ದೇವರಿಗೆ ಮುಖಕ್ಕೂ ಮೊದಲು ಕಣ್ಣು. ಅವನು ಮೊದಲ ಗಳಿಗೆಯಿಂದಲೇ ನಮ್ಮ ಕೆಲಸ ನೋಡುತ್ತಾ, ತನ್ನ ಮೈ ಬರುವವರೆಗೂ ಕಾಯುತ್ತಾನೆ. ಬಾಗಿಲಲ್ಲಿ ಐವರು ಹೆಂಗಸರು ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಬಿದ್ದು ಇಣುಕುತ್ತಿದ್ದರು. ನಾಲ್ಕು ಗಾಜು ಸಾಲಾಗಿ ಇಟ್ಟೆ, ನಾಲ್ಕಕ್ಕೂ ಕಣ್ಣು ಬರೆದೆ. ತಲೆಯಿಲ್ಲ, ಹೊಟ್ಟೆಯಿಲ್ಲ, ಇಲಿಯಿಲ್ಲ. ಬರಿಯ ಎಂಟು ಕಣ್ಣು, ಎಂಟೂ ನನ್ನ ಕೈಯನ್ನೇ ನೋಡುತ್ತಿದ್ದವು. ನೋಡಿಕೊಳ್ಳಲಿ ಎಂದು ಕುಂಚ ಅದ್ದಿದೆ.