ಉಚ್ಚೆಂಗಪ್ಪನ ಮೈಕು

ಟಿ.ಬಿ. ಡ್ಯಾಂ ಗೇಟು ಎತ್ತಿದಾಗಲೆಲ್ಲ ಆಟೋಗೆ ಮೈಕು ಕಟ್ಟಿಕೊಂಡು ಕಂಪ್ಲಿಯ ಬೀದಿಗಳಲ್ಲಿ ಎಚ್ಚರಿಕೆ ಸಾರುವುದು ಹದಿನೆಂಟು ವರ್ಷಗಳಿಂದ ಉಚ್ಚೆಂಗಪ್ಪನ ಕೆಲಸ. "ಹೊಳಿ ತುಂಬಿ ಬರಾಕತ್ತೈತಿ, ಯಾರೂ ಸೇತುವಿ ಕಡಿ ಹೋಗಬ್ಯಾಡ್ರಿ!" ಎಂದು ಅವನು ಕೂಗಿದ್ದೇ ತಡ, ಜನ ಹೆಂಡತಿ ಮಕ್ಕಳನ್ನು ಬೈಕಿಗೇರಿಸಿಕೊಂಡು ನೀರು ನೋಡಲು ಸೇತುವೆಗೇ ಹೊರಡುತ್ತಿದ್ದರು.

ಈ ಸಲ ಎಲ್ಲರ ಮೊಬೈಲಿಗೂ ಸರ್ಕಾರದ ಎಚ್ಚರಿಕೆ ಕಿರುಚಿಕೊಂಡು ಬಂತು. ಸೇತುವೆಯ ಮೇಲೆ ಸೆಲ್ಫಿಗೆ ಜಾಗ ಸಾಲದಾಯಿತು. ಉಚ್ಚೆಂಗಪ್ಪನ ತಲೆ ಕೆಟ್ಟಿತು. "ಸೇತುವಿ ಮ್ಯಾಲೆ ಪೊಲೀಸ್ರು ಹೆಲ್ಮೆಟ್ ಚೆಕಿಂಗ್‌ಗೆ ಬರಾಕತ್ತಾರ್ರೀ!" ಎಂದು ಮೈಕಿನಲ್ಲಿ ಒದರಿದ. ಐದೇ ನಿಮಿಷದಲ್ಲಿ ಸೇತುವೆ ಖಾಲಿ.

ಮೊಬೈಲ್ ಎಚ್ಚರಿಕೆ ಯಶಸ್ವಿಯಾಯಿತೆಂದು ಅಧಿಕಾರಿಗಳು ಬೆನ್ನು ತಟ್ಟಿಕೊಂಡರು. ಸುಳ್ಳು ಸುದ್ದಿ ಹಬ್ಬಿಸಿದ್ದಕ್ಕೆ ಉಚ್ಚೆಂಗಪ್ಪನಿಗೆ ನೋಟಿಸು ಹೊರಡಿಸಿದರು. ಅದನ್ನು ಮಾತ್ರ ಮೊಬೈಲಿಗೆ ಬಿಡದೆ, ಆಳನ್ನೇ ಕಳಿಸಿ ಅವನ ಕೈಗೆ ಮುಟ್ಟಿಸಿದರು.