ಹಿಲ್ಡಾ ಆಂಟಿಯ ಭಾಷೆ

...ಅಥವಾ ಆಸ್ಪತ್ರೆಯಲ್ಲಿ ಹಿಲ್ಡಾ ಆಂಟಿ ನನ್ನ ಕೈ ಹಿಡಿದಿರಲೇ ಇಲ್ಲವೇನೋ. ಹಿಡಿದಿದ್ದರು ಎಂದು ಹೇಳಿ ಹೇಳಿ ಈಗ ನನಗೇ ನಂಬಿಕೆ ಬಂದುಬಿಟ್ಟಿದೆ. ಬೆಳಿಗ್ಗೆ ಮಗಳ ಶಾಲೆಯ ಫಾರಂನಲ್ಲಿ ಮನೆಮಾತಿನ ಖಾನೆ ಕಂಡಾಗ ಇದೆಲ್ಲ ನೆನಪಾಯಿತು. ನೆನಪು ಎನ್ನುವುದು ದೊಡ್ಡ ಮಾತಾಯಿತೋ ಏನೋ, ನೀವೇ ನೋಡಿ.

ನಾವಿರುವ ಗ್ಲೆನ್ ವೇವರ್ಲಿ ಬಡಾವಣೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ಹುಟ್ಟಿದ್ದು ಜರ್ಮನಿಯ ಸಾಟರ್‌ಲಾಂಡ್‌ನಲ್ಲಿ. ಅದೊಂದು ಪುಟ್ಟ ಪಂಚಾಯಿತಿ, ನಾಲ್ಕೇ ಊರು. ಸುತ್ತಲೂ ಜೌಗು ನೆಲ. ಹಿಂದೆ ಹೊರಗಿನವರು ಸುಲಭವಾಗಿ ಬರಲಾಗದ್ದರಿಂದ ಅಲ್ಲಿನ ಫ್ರೀಸಿಯನ್ ಭಾಷೆ ಉಳಿದುಕೊಂಡಿತಂತೆ. ಜರ್ಮನ್ ಅವರಿಗೆ ಬರೀ ಶಾಲೆಯ ಭಾಷೆ. ಸಿಡ್ನಿಯಲ್ಲಿದ್ದ ಅಣ್ಣನೊಡನೆ ಭಾನುವಾರ ಫೋನಿನಲ್ಲಿ ತಮ್ಮ ಭಾಷೆ ಆಡುತ್ತಿದ್ದರು, ಬೇಲಿಯ ಈಚೆಗೂ ಕೇಳುವಷ್ಟು ಜೋರಾಗಿ. ಅಣ್ಣ ತೀರಿಕೊಂಡ ಮೇಲೆ ಭಾನುವಾರಗಳು ಸದ್ದಿಲ್ಲದಾದವು. ನನ್ನ ತುಳುವಿಗೂ ಊರಿನಲ್ಲಿರುವ ಅಮ್ಮನ ಫೋನ್ ಒಂದೇ ಗತಿ, ಹೆಂಡತಿ ಮೈಸೂರಿನವಳು.

ಸ್ಟ್ರೋಕ್ ಆಗಿ ಆಂಟಿಯ ಇಂಗ್ಲಿಷ್ ಪೂರ್ತಿ ಹೋಯಿತು. ಯಾವ ಭಾಷೆ ಎಂದು ಆಸ್ಪತ್ರೆಯ ನರ್ಸ್ ಕೇಳಿದಾಗ ನಾನು ಜರ್ಮನ್ ಎಂದೆ. ನಮ್ಮ ಕಡೆಯವರ ಅಭ್ಯಾಸ ಅದು: ಫಾರಂ ಕಂಡರೆ ಕೈ ತಾನಾಗಿ ಕನ್ನಡ ಎಂದು ಬರೆಯುತ್ತದೆ. ತುಳು ಎಂದರೇನು ಎಂದು ವಿವರಿಸುವ ತಾಪತ್ರಯ ಯಾರಿಗೆ ಬೇಕು?

ಇಂಟರ್‌ಪ್ರಿಟರ್ ಬಂದು ಅರ್ಧ ಗಂಟೆ ಕೂತರು. ಇವರು ಆಡುತ್ತಿರುವುದು ಜರ್ಮನ್ ಅಲ್ಲ, ತನಗೆ ತಿಳಿಯುತ್ತಿಲ್ಲ ಎಂದು ಕ್ಷಮೆ ಕೇಳಿ ಹೋದರು.

"ಗೊತ್ತಿದ್ದೂ ಯಾಕ್ರೀ ಜರ್ಮನ್ ಅಂತ ಹೇಳಿದ್ರಿ?" ಎಂದಳು ಹೆಂಡತಿ.

"ಫಾರಂ ಬೇಗ ಮುಗೀಲಿ ಅಂತ."

"ಮುಗೀತಲ್ಲ, ಬಿಡಿ."

ಮಾರನೆಯ ಮಧ್ಯಾಹ್ನ ಆಂಟಿ ನನ್ನತ್ತ ತಿರುಗಿ ಬಹಳ ಹೊತ್ತು ಮಾತಾಡಿದರು. ಕೊನೆಗೆ ದನಿ ಏರಿಸಿ ನಿಲ್ಲಿಸಿದರು, ಏನನ್ನೋ ಕೇಳಿ ಉತ್ತರಕ್ಕೆ ಕಾಯುವವರಂತೆ. ಇಂಗ್ಲಿಷಿನಲ್ಲಿ ಉತ್ತರಿಸಲು ನಾಚಿಕೆಯಾಯಿತು. "ಅಂದ್" ಎಂದೆ, ತುಳುವಿನಲ್ಲಿ ಹೌದು ಎಂದು. ಅವರು ಕಣ್ಣು ಮುಚ್ಚಿದರು. ಸಮಾಧಾನದಿಂದ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಸುಸ್ತಿನಿಂದಲೂ ಇರಬಹುದು.

ಎರಡು ದಿನಕ್ಕೆ ತೀರಿಕೊಂಡರು. ಸಿಡ್ನಿಯಿಂದ ಅಣ್ಣನ ಮಗಳು ಬಂದಳು; ಅವಳಿಗೂ ಅಪ್ಪನ ಭಾಷೆ ಬರದು. ಅತ್ತೆ ಕೊನೆಗೆ ಏನು ಹೇಳಿದರು ಎಂದು ಕೇಳಿದಳು. ನೆಮ್ಮದಿಯಾಗಿದ್ದೇನೆ ಎಂದರು ಎಂದೆ. ಅವಳು ಅತ್ತು, ಥ್ಯಾಂಕ್ಸ್ ಹೇಳಿದಳು.

ಇವತ್ತು ಅವಳಿಗೆ ಫೋನ್ ಮಾಡಿ, ಅದು ನಾನು ಕಟ್ಟಿದ ಮಾತು, ನಿಜವಾಗಿ ನಡೆದದ್ದು ಇಷ್ಟೇ ಎಂದು ತಿಳಿಸಿದೆ. ಅವಳು ಕೇಳಿದಳು: "ಹಾಗಾದ್ರೆ ನೀವು ಯಾವುದಕ್ಕೆ ಹೌದು ಅಂದ್ರಿ?"

ಗೊತ್ತಿಲ್ಲ ಎಂದೆ. ಆಗಲೂ ಗೊತ್ತಿರಲಿಲ್ಲ.