ಹೆಳವರ ಪುಸ್ತಕದಲ್ಲಿ ಅಪ್ಪನ ಸಾಲು

ಮೆಲ್ಬರ್ನ್ ಹೊರವಲಯದ ಟಾರ್ನೀಟಿನ ನನ್ನ ಮನೆಯಲ್ಲಿ ಶನಿವಾರ ಮಾತೇ ಇರುವುದಿಲ್ಲ. ವಾರವಿಡೀ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುತ್ತೇನೆ. ಶುಕ್ರವಾರ ಸಂಜೆ ಸಹೋದ್ಯೋಗಿಗಳಿಗೆ ಬೈ ಹೇಳಿ ಬಾಯಿ ಮುಚ್ಚಿದರೆ ಮತ್ತೆ ತೆರೆಯುವುದು ಭಾನುವಾರ, ಮಗ ಫೋನ್ ಮಾಡಿದಾಗ. ಗಂಡನಿಂದ ಬೇರೆಯಾಗಿ ಆರು ವರ್ಷವಾಯಿತು. ಇರುವವನು ಒಬ್ಬನೇ ಮಗ, ಸಿಡ್ನಿಯ ನಾರ್ವೆಸ್ಟಿನಲ್ಲಿ ಕೆಲಸಕ್ಕಿದ್ದಾನೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಹತ್ತು ನಿಮಿಷದಲ್ಲಿ ಇಬ್ಬರ ಸರಕೂ ಮುಗಿಯುತ್ತದೆ.

ಹೋದ ವರ್ಷ ಅಪ್ಪ ತೀರಿಕೊಂಡರು. ನಾನು ಧಾರವಾಡ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ವಾಪಸು ಹೊರಡುವ ದಿನ ದೊಡ್ಡಪ್ಪನ ಮಗ, ನಾನು ಅಣ್ಣ ಎಂದು ಕರೆಯುವವನು, ಚಹಾ ಕುಡಿಯುತ್ತ ಹೇಳಿದ: "ಸುಗ್ಗಿ ಮುಗದ ಮ್ಯಾಲೆ ಹೆಳವರ ಅಜ್ಜ ಬರ್ತಾನ ತಂಗಿ. ಕಾಕಾನ ಸಾಲು ಮುಗೀತು ಅಂತ ಬರಸ್ತೀನಿ."

ಹೆಳವರು ನಮ್ಮ ಕಡೆಯ ಒಕ್ಕಲು ಮನೆಗಳ ವಂಶಾವಳಿಯನ್ನು ಬರೆದಿಟ್ಟುಕೊಂಡವರು. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರು, ಈಗ ಬೈಕಿನ ಮೇಲೆ ಬರುತ್ತಾರೆ. ಕಟ್ಟೆಯ ಮೇಲೆ ಕೂತು ಮನೆತನದ ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ರಾಗವಾಗಿ ಹೇಳುತ್ತಾರೆ, ಜೋಳ, ಧೋತರ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಅಣ್ಣ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಆದರೂ ಮೆಲ್ಬರ್ನ್ ತಲುಪುವವರೆಗೆ ನನ್ನ ಎದೆಯಲ್ಲಿ ಕುಟುಕುತ್ತಲೇ ಇತ್ತು. ಐವತ್ತೆರಡು ವರ್ಷದ ಒಬ್ಬಳೇ ಮಗಳು ಎದುರಿಗೆ ಕೂತು ಚಹಾ ಕುಡಿಯುತ್ತಿರುವಾಗ ಅಪ್ಪನ ಸಾಲು ಮುಗಿದದ್ದು ಹೇಗೆ?

ಆ ಸಿಟ್ಟಿನಲ್ಲೇ ನಾನು ಮುತ್ತಜ್ಜನ ಅಪ್ಪನನ್ನು ಹುಡುಕತೊಡಗಿದೆ. ಹತ್ತೊಂಬತ್ತನೇ ಶತಮಾನದ ರೈತ, ನಮ್ಮ ಮನೆತನಕ್ಕೆ ಮೊದಲಿಗ. ಈ ಸಾಲು ಎಲ್ಲಿ ಶುರುವಾಯಿತು ಎಂದಾದರೂ ತಿಳಿಯಲಿ ಎಂಬ ಹಟ. ಎಷ್ಟೋ ಶನಿವಾರ ಲೈಬ್ರರಿಯ ಕಂಪ್ಯೂಟರಿನ ಮುಂದೆ ಕೂತು ಬ್ರಿಟಿಷರ ಕಾಲದ ಹಳೆಯ ವರದಿಗಳನ್ನು ಓದಿದೆ. ನಮ್ಮ ಸೀಮೆಯ ಮಳೆ, ಹತ್ತಿ, ಜೋಳ, ಎತ್ತಿನ ತಳಿ ಎಲ್ಲ ಅದರಲ್ಲಿತ್ತು. ಅವನೊಬ್ಬ ಇರಲಿಲ್ಲ. ಪಕ್ಕದಲ್ಲಿ ಮಕ್ಕಳಿಗೆ ಕಥೆಯ ಪುಸ್ತಕ ಹುಡುಕುತ್ತಿದ್ದ ತಾಯಂದಿರನ್ನು ನೋಡಿದರೆ ಹೊಟ್ಟೆಯುರಿಯುತ್ತಿತ್ತು. ಸುಳ್ಳೇಕೆ ಹೇಳಲಿ.

ಮಾರ್ಚಿನಲ್ಲಿ ಅಣ್ಣ ವಿಡಿಯೋ ಕಾಲ್ ಮಾಡಿದ. ಅಲ್ಲಿ ಬೆಳಗಿನ ಒಂಬತ್ತು, ಇಲ್ಲಿ ಮಧ್ಯಾಹ್ನ ಎರಡೂವರೆ. ಕಟ್ಟೆಯ ಮೇಲೆ ಕೆಂಪು ರುಮಾಲಿನ ಹೆಳವರ ಅಜ್ಜ, ತೊಡೆಯ ಮೇಲೆ ಬಟ್ಟೆ ಸುತ್ತಿದ ದಪ್ಪ ಪುಸ್ತಕ. ಅವನು ರಾಗ ಎತ್ತಿದ. ಮೂಲಪುರುಷ ಬೆಣ್ಣಿಹಳ್ಳದ ದಂಡೆಯಿಂದ ಒಂದು ಜೋಡಿ ಎತ್ತು, ಒಬ್ಬ ಹೆಂಡತಿಯೊಂದಿಗೆ ಬಂದ. ಮೂರು ವರ್ಷ ಕರಿಕೆ ಹುಲ್ಲು ಕಿತ್ತು ಎರೆಹೊಲ ಹಸನು ಮಾಡಿದ. ಮೂವರು ಗಂಡುಮಕ್ಕಳು, ಮೂವರೂ ಒಂದೇ ವಾರದಲ್ಲಿ ವಾಂತಿಭೇದಿಗೆ ಹೋದರು. ಆಮೇಲೆ ದತ್ತುಮಗ. ಆ ದತ್ತುಮಗನೇ ನಮ್ಮ ಮುತ್ತಜ್ಜ.

"ದತ್ತು ಯಾರ ಕಡಿಂದ, ಅಜ್ಜಾರ?" ಎಂದೆ. ಮನೆಯಲ್ಲಿ ಯಾರೂ ಈ ಮಾತು ಎತ್ತಿದ್ದಿಲ್ಲ.

"ಮಗಳ ಮಗನವ್ವಾ. ಅಣ್ಣತಮ್ಮರು ಹೋದರಂತ ಆಕಿ ಗಂಡನ ಮನಿ ಬಿಟ್ಟು ಕೂಸು ಕಟಗೊಂಡು ಬಂದ್ಲು. ಮಗ ದೊಡ್ಡಾವ ಆಗೂತನಕ ತಾನ ನಿಂತು ಹೊಲಾ ಮಾಡಿಸಿದಳಂತ. ಇದು ಪುಸ್ತಕದಾಗ ಇಲ್ಲ, ನಮ್ಮಜ್ಜ ಬಾಯಿಲೆ ಹೇಳತಿದ್ದ."

"ಆಕಿ ಹೆಸರು?"

"ಹೆಣ್ಣಮಕ್ಕಳ ಹೆಸರು ಬರಿಯೂದಿಲ್ಲವ್ವಾ. ಕೊಟ್ಟ ಮನೀಗೆ ಹೋದವರು."

ನಾನು ತಿಂಗಳುಗಟ್ಟಲೆ ಹುಡುಕಿದ್ದು ಆ ರೈತನನ್ನು. ನಮ್ಮನ್ನೆಲ್ಲ ಭೂಮಿಗೆ ತಂದವಳು ಅವನ ಮಗಳು, ಮತ್ತು ಅವಳು ಬಂದ ಗುರುತೂ ಆ ಪುಸ್ತಕದಲ್ಲಿರಲಿಲ್ಲ. ಅಜ್ಜ ಹಾಳೆ ತಿರುವಿ ಅಪ್ಪನ ಹೆಸರಿಗೆ ಬಂದ. ಪೆನ್ನು ತೆಗೆದ.

"ಅಪ್ಪನ ಕೆಳಗ ನನ್ನ ಹೆಸರು ಬರೀರಿ" ಎಂದೆ.

ಅಜ್ಜ ಆಗದು ಎಂದು ತಲೆಯಾಡಿಸಿದ. ಅಣ್ಣ ಮುಜುಗರದಿಂದ ಫೋನನ್ನು ತನ್ನ ಕಡೆ ತಿರುಗಿಸಿಕೊಂಡ. "ತಂಗಿ, ಒಂದು ದಾರಿ ಐತಿ. ನಿನ್ನ ಮಗನ್ನ ಕಾಕಾಗ ದತ್ತು ಅಂತ ಬರಸೂಣು. ಸಾಲು ನಡೀತೈತಿ."

"ಹಿಂದ ನಡದದ್ದ ಐತಿ" ಎಂದ ಅಜ್ಜ. "ಆದ್ರ ಹುಡುಗ ತನ್ನ ಬಾಯಿಲೆ ಒಪ್ಪಬೇಕು."

ನನಗೆ ಮೈಯೆಲ್ಲ ಉರಿಯಿತು. ಪಿಆರ್ ವೀಸಾದ ಅರ್ಜಿಗೆ, ಮಾರ್ಟ್‌ಗೇಜಿಗೆ, ಡೈವೋರ್ಸಿಗೆ ಒಬ್ಬಳೇ ಸಹಿ ಹಾಕಿದವಳು ನಾನು. ಹುಟ್ಟಿದ ಮನೆಯ ಪುಸ್ತಕದಲ್ಲಿ ಒಂದು ಸಾಲಿಗೂ ಲಾಯಕ್ಕಿಲ್ಲ. ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ ನೆನಪಾದರು. ನಾನು ಚಿಕ್ಕವಳಿದ್ದಾಗ ಹೆಳವರು ಬಂದರೆ ಅಪ್ಪ ಕಂಬಕ್ಕೆ ಒರಗಿ ಕೂತು ಕೊನೆಯವರೆಗೂ ಕೇಳುತ್ತಿದ್ದರು. ತಮ್ಮ ಹೆಸರು ಬಂದ ಮೇಲೆ ರಾಗ ನಿಲ್ಲುತ್ತಿತ್ತು. ಅಪ್ಪ ಒಂದು ಗಳಿಗೆ ಹಾಗೇ ಕೂತಿದ್ದು, ಎದ್ದು ಹೋಗಿ ತಾವೇ ಮೊರದ ತುಂಬ ಜೋಳ ತಂದು ಸುರಿಯುತ್ತಿದ್ದರು. ಒಮ್ಮೆಯೂ ನನ್ನೆದುರು ಅದರ ಬಗ್ಗೆ ಆಡಿದವರಲ್ಲ. ಅಪ್ಪನಿಗೆ ಇಷ್ಟಾದರೂ ಆಗಲಿ ಎನಿಸಿತು. ನಾನಿಲ್ಲದಿದ್ದರೆ ಏನಂತೆ, ಆ ಹೆಣ್ಣುಮಗಳೂ ಇಲ್ಲವಲ್ಲ. ಸರಿ ಎಂದೆ.

ಮಗನನ್ನು ಅದೇ ಕಾಲ್‌ಗೆ ಸೇರಿಸಿದೆ. ಅವನು ಯಾವುದೋ ಕೆಫೆಯ ಹೊರಗೆ ನಿಂತಿದ್ದ. ವಿಷಯ ಹೇಳಿದೆ. "ಸೋ, ಪೇಪರ್ ಮೇಲೆ ಐ ಆಮ್ ಅಜ್ಜಾಸ್ ಸನ್? ಓಕೆ, ಶೂರ್" ಎಂದ. ಆಮೇಲೆ "ವೇರ್ ಆರ್ ಯು ಇನ್ ಇಟ್?" ಎಂದು ಕೇಳಿದ.

"ನಾನು ಅದ್ರಲ್ಲಿ ಇರಲ್ಲ ಪುಟ್ಟ. ಪರವಾಗಿಲ್ಲ."

ಹೆಳವರ ಅಜ್ಜ ಕನ್ನಡಕ ಏರಿಸಿಕೊಂಡು ಪರದೆಯ ಹತ್ತಿರ ಬಾಗಿದ. "ಹೇಳಪಾ, ನೀ ಯಾರ ಮಗ?"

ಮಗನಿಗೆ ಅಜ್ಜನ ಕನ್ನಡ ಅರ್ಥವಾಗಿಲ್ಲವೆಂದು ನಾನು ಇಂಗ್ಲಿಷಿನಲ್ಲಿ ಹೇಳಹೊರಟೆ.

"ಅರ್ಥ ಆಯ್ತಮ್ಮ" ಎಂದ. ಆಮೇಲೆ ಅಜ್ಜನಿಗೆ, ಒಂದೊಂದೇ ಶಬ್ದ ಹುಡುಕಿಕೊಂಡು, "ನಾನು ಅಮ್ಮನ ಮಗ" ಎಂದ.

"ಹಂಗಲ್ಲಪಾ. ಅಜ್ಜನ ಮಗ ಅನಬೇಕು."

"ಗೊತ್ತು. ಬಟ್ ನಾನು ಅಮ್ಮನ ಮಗ."

ಅವನ ಬಾಯಿಂದ ಕನ್ನಡ ಕೇಳಿ ಎಷ್ಟೋ ವರ್ಷವಾಗಿತ್ತು. ಅಜ್ಜನಿಗೆ ಸಿಟ್ಟು ಬರಲಿಲ್ಲ. "ಖರೇ ಹೇಳಿದ ಹುಡುಗ" ಎಂದು ಅಣ್ಣನ ಕಡೆ ನೋಡಿದ. ಆಮೇಲೆ ಅಪ್ಪನ ಹೆಸರಿನ ಕೆಳಗೆ ಗಂಡುಸಂತಾನ ಇಲ್ಲ ಎಂದು ಬರೆದು, ಓದಿ ಹೇಳಿ, ಗೆರೆ ಎಳೆದ. ಅಣ್ಣ ತನ್ನ ಕಡೆಯಿಂದ ಕಾಲ್ ಕಟ್ ಮಾಡಿದ.

ಮಗ ಇನ್ನೂ ಪರದೆಯ ಮೇಲಿದ್ದ. "ಡಿಡ್ ಐ ಮೆಸ್ ಇಟ್ ಅಪ್?" ಎಂದು ಕೇಳಿದ.

ಇಲ್ಲ ಎಂದೆ. ಅವನು ಕೊಟ್ಟದ್ದನ್ನು ನನಗೆ ಈ ಜನ್ಮದಲ್ಲಿ ಬೇರೆ ಯಾರೂ ಕೊಟ್ಟಿರಲಿಲ್ಲ. ಆದರೆ ಅಪ್ಪನ ಸಾಲು ನಿಂತದ್ದೂ ಅದೇ ಮಾತಿನಿಂದ. ಮಗನಿಗೆ ಥ್ಯಾಂಕ್ಸ್ ಹೇಳಿದರೆ ಅಪ್ಪನಿಗೆ ಏನು ಹೇಳಲಿ?